ಸರ್ಕಾರಕ್ಕೆ ಬಿದ್ದ ಒಂದು ಓಟು

ಚುನಾವಣೆ ಡ್ಯೂಟಿಯ ಚೀಟಿಯಲ್ಲಿ ಊರಿನ ಹೆಸರು ಓದಿದಾಗ ನನ್ನ ಎದೆ ಧಸಕ್ಕೆಂದಿತು. ಅದು ದೆಹಲಿಯ ಕಿದ್ವಾಯಿ ನಗರದ ನಮ್ಮ ಕ್ವಾರ್ಟರ್ಸಿಗೆ ಹಾಲು ತರುತ್ತಿದ್ದವನ ಊರು. ಮೆಹ್ರೌಲಿ ದಾಟಿ ಒಳಗೆ, ನಲವತ್ತೋ ಐವತ್ತೋ ಮನೆ, ಮನೆಗಿಂತ ಎಮ್ಮೆಗಳೇ ಹೆಚ್ಚು. "ಅದೃಷ್ಟವಂತರು ಕಣ್ರೀ ನೀವು, ಅಲ್ಲಿ ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿದುಹೋಗುತ್ತೆ" ಎಂದರು ಹಿಂದೆ ಅಲ್ಲಿಗೆ ಹೋಗಿದ್ದ ಸಹೋದ್ಯೋಗಿ. ಆ ಊರು ಓಟು ಹಾಕುವ ರೀತಿಯೇ ಹಾಗಂತೆ. ಹಿಂದಿನ ದಿನ ಹಿರಿಯರು ಊರ ಪಂಚಾಯಿತಿ ಸೇರುವ ಚೌಪಾಲಿನ ಕಟ್ಟೆಯ ಮೇಲೆ ಹುಕ್ಕಾ ಸುತ್ತ ಕೂತು ತೀರ್ಮಾನಿಸುತ್ತಾರೆ. ತೀರ್ಮಾನ ಯಾವಾಗಲೂ ಸರ್ಕಾರದ ಕಡೆಗೇ. ಹೆಂಗಸರಿಗೆ ಪಕ್ಷದ ಹೆಸರನ್ನೂ ಹೇಳುವುದಿಲ್ಲ. 'ಮೇಲಿಂದ ಎರಡನೆಯದು' ಎಂದರೆ ಸಾಕು, ಇಡೀ ಊರಿನ ಮುದ್ರೆ ಎರಡನೆಯದರ ಮೇಲೆ ಬೀಳುತ್ತದೆ.

ನನ್ನ ಹೆದರಿಕೆಯ ಕಾರಣ ಬೇರೆ ಇತ್ತು. ಹಿಂದಿನ ವರ್ಷ, ತುರ್ತುಪರಿಸ್ಥಿತಿಯಲ್ಲಿ, ನಮ್ಮ ಆಫೀಸಿನ ಪ್ರತಿಯೊಬ್ಬನೂ ಒಂದು 'ಕೇಸು' ತರಬೇಕೆಂದು ಮೇಲಿನವರು ಹೇಳಿದ್ದರು. ಕೇಸು ಎಂದರೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳಲು ಒಪ್ಪಿದ ಒಬ್ಬ ಗಂಡಸು. ಎಂಥ ಸಭ್ಯವಾದ ಪದ! ಮನುಷ್ಯನನ್ನು ಕೇಸು ಎಂದು ಕರೆದ ಮೇಲೆ ಮುಂದಿನದೆಲ್ಲ ಸಲೀಸು. ತರದವರಿಗೆ ದೂರದೂರಿಗೆ ವರ್ಗ ಎಂಬ ಗುಸುಗುಸು ಬೇರೆ. ನನ್ನ ಮನೆಯಲ್ಲಿ ಹೆಂಡತಿ ಬಸುರಿ.

ಹಾಲಿನವನಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ, ಮದುವೆಯಾಗಿರಲಿಲ್ಲ. ತೊಡೆಸಂದಿಯಲ್ಲಿ ಗಂಟಾಗಿದೆ, ಸೈಕಲ್ ತುಳಿಯುವಾಗ ನೋಯುತ್ತದೆ ಎನ್ನುತ್ತಿದ್ದ. "ಚಲೋ, ನನಗೆ ಗೊತ್ತಿರುವ ಡಾಕ್ಟರಿದ್ದಾರೆ, ಗಂಟು ತೆಗೆಸೋಣ" ಎಂದು ಆ ಆಪರೇಷನ್ನಿನ ಶಿಬಿರಕ್ಕೆ ಕರೆದುಕೊಂಡು ಹೋದೆ. ಅರ್ಜಿ ತುಂಬಿದ್ದು ನಾನೇ. ವಿವಾಹಿತ, ಮಕ್ಕಳು ಇಬ್ಬರು ಎಂದು ಬರೆದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಅದಾದ ಮೇಲೆ ಅವನು ಹಾಲು ತರಲೇ ಇಲ್ಲ. ಒಳ್ಳೆಯದೇ ಆಯಿತು, ಮುಖ ನೋಡುವುದು ತಪ್ಪಿತು ಎಂದುಕೊಂಡೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಊರಿನ ಶಾಲೆಯಲ್ಲಿ ಮತಗಟ್ಟೆ. ಬೆರಳಿಗೆ ಶಾಯಿ ಹಚ್ಚಿ ಮತಪತ್ರ ಕೊಡುವ ಕೆಲಸ ನನ್ನದು. ಆ ಸಲ ಚೌಪಾಲಿನ ಕಟ್ಟೆ ಖಾಲಿ ಹೊಡೆಯುತ್ತಿತ್ತು. ಆಳುವ ಪಕ್ಷದ ಏಜೆಂಟನಿಗೆಂದು ಹಾಕಿದ ಕುರ್ಚಿಯಲ್ಲಿ ಕೂರಲು ಊರಿನ ಒಬ್ಬನೂ ಒಪ್ಪಿರಲಿಲ್ಲ. ಶಿಬಿರದ ಗಾಡಿ ಬಂತೆಂದರೆ ಸಜ್ಜೆ ಹೊಲಗಳಲ್ಲಿ ಅಡಗಿ ಕೂರುತ್ತಿದ್ದ ಗಂಡಸರು ಈಗ ಸಾಲಾಗಿ ಬಂದು ಬೆರಳು ಚಾಚುತ್ತಿದ್ದರು. ಬಂದ ಪ್ರತಿ ಬೆರಳೂ ಅವನದೇ ಅನ್ನಿಸುತ್ತಿತ್ತು. ತಲೆ ಎತ್ತಲು ಭಯವಾಗುತ್ತಿತ್ತು.

"ಅರೇ, ಮದರಾಸಿ ಬಾಬು!"

ಎದುರಿಗೆ ಅವನ ತಾಯಿ. ಕನ್ನಡದವನೆಂದು ಎಷ್ಟು ಹೇಳಿದರೂ ದೆಹಲಿಯವರಿಗೆ ನಾವು ಮದರಾಸಿಗಳೇ. ಅವತ್ತು ತಿದ್ದುವ ಹುಮ್ಮಸ್ಸಿರಲಿಲ್ಲ. ಶಿಬಿರಕ್ಕೂ ಮೊದಲು, ಮಗ ಬಾರದ ದಿನಗಳಲ್ಲಿ ಅವಳೇ ಹಾಲು ತಂದು, ನನ್ನ ಹೆಂಡತಿ ಕೊಟ್ಟ ಉಪ್ಪಿಟ್ಟು ತಿಂದು ಹೋದದ್ದಿತ್ತು.

"ನನ್ನ ಮಗನ ಗಂಟು ತೆಗೆಸಿದಿರಿ, ಪುಣ್ಯ ಬರಲಿ. ದೀಪಾವಳಿ ಆದಮೇಲೆ ಅವನ ಮದುವೆ ಮಾಡಿದೆ. ಸೊಸೆಗೆ ಇನ್ನೂ ಏನೂ ನಿಂತಿಲ್ಲ. ನಿಮ್ಮನೆಯಲ್ಲಿ?"

"ಗಂಡು ಮಗು" ಎಂದೆ.

"ಅಚ್ಛಾ!" ಎಂದು ಹಿಗ್ಗಿದಳು. ಆಮೇಲೆ ಬಗ್ಗಿ ಕೇಳಿದಳು: "ಊರವರೆಲ್ಲ ಈ ಸಲ ಬೇರೆಯದಕ್ಕೆ ಹಾಕು ಅಂತಾರೆ. ಅವರ ಮಾತು ನನಗೆ ಬೇಡ. ನಿಮ್ಮದು ಯಾವುದು, ಬಾಬೂಜಿ?"

ಅವಳ ಪಾಲಿಗೆ ಸರ್ಕಾರಿ ಬಾಬು, ಸರ್ಕಾರ, ಅದನ್ನು ನಡೆಸುವ ಪಕ್ಷ ಎಲ್ಲ ಒಂದೇ. ನಾನು ಒಳ್ಳೆಯವನು, ಆದ್ದರಿಂದ ಸರ್ಕಾರವೂ ಒಳ್ಳೆಯದು.

"ಅದನ್ನು ಹೇಳುವ ಹಾಗಿಲ್ಲ, ಮಾಜೀ" ಎಂದೆ. ನಿಯಮವೊಂದು ನನಗೆ ಅಷ್ಟು ಅನುಕೂಲಕ್ಕೆ ಬಂದದ್ದು ಅದೊಂದೇ ಸಲ.

ಅವಳು ಅರ್ಥವಾದವಳಂತೆ ನಕ್ಕು ರಟ್ಟಿನ ಮರೆಗೆ ಹೋದಳು. ಹೊರಬಂದವಳೇ "ನಿಮಗೇ ಹಾಕಿದೆ, ಬಾಬೂಜಿ!" ಎಂದು ಕೂಗಿ ಹೇಳಿದಳು. ಮತಗಟ್ಟೆಯ ಅಧಿಕಾರಿ ಗದರಿದರು. ಗಂಡಸರ ಸಾಲಿನಲ್ಲಿ ಯಾರೋ ಕ್ಯಾಕರಿಸಿ ಉಗಿದರು.

ಅದೇ ಸಾಲಿನಿಂದ ಅವನು ಬಂದ. ಬೈಯಲಿ, ಕೊರಳಪಟ್ಟಿ ಹಿಡಿದು ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಹಚ್ಚಿದ ಶಾಯಿ ಅವನ ಅಂಗೈಗೆಲ್ಲ ಇಳಿಯಿತು. ಅವನು ಮೇಜಿನ ಮೇಲೆ ಬಗ್ಗಿದ.

"ಅಮ್ಮನಿಗೆ ಗೊತ್ತಿಲ್ಲ, ಬಾಬೂಜಿ. ಮದುವೆ ಬೇಡ ಅಂದೆ, ಕೇಳಲಿಲ್ಲ. ನೀವೂ ಹೇಳಬೇಡಿ."

ಹೂಂ ಎಂದೆ. ಅವನು ಮತಪತ್ರ ತೆಗೆದುಕೊಂಡು ಹೋದ.

ಮಧ್ಯಾಹ್ನ ಸಾಲು ಕರಗಿದ ಮೇಲೆ ನೀರು ಕುಡಿಯಲು ಅಂಗಳಕ್ಕೆ ಬಂದೆ. ಮಾಜೀ ಬೇವಿನ ಮರದ ಕೆಳಗೆ ನನಗಾಗಿಯೇ ಕಾದಿದ್ದಳು. ಪಕ್ಕದಲ್ಲಿ ಮುಖದ ತುಂಬ ಸೆರಗು ಹೊದ್ದ ಸೊಸೆ, ಸ್ವಲ್ಪ ದೂರದಲ್ಲಿ ಅವನು. "ಬಾಬೂಜಿಯ ಕಾಲು ಮುಟ್ಟು. ಗಂಡು ಮಗುವಿನ ತಂದೆ, ಇವರು ಹರಸಿದರೆ ಫಲಿಸುತ್ತೆ" ಎಂದು ಹುಡುಗಿಯನ್ನು ಮುಂದೆ ತಳ್ಳಿದಳು. ಹುಡುಗಿ ಬಗ್ಗಿದಳು. ಅವನು ಬೇರೆಡೆ ನೋಡುತ್ತ ನಿಂತ.

"ತಪ್ಪಾಯ್ತು ತಾಯೀ" ಎಂದೆ, ಕನ್ನಡದಲ್ಲಿ.

ಮಾಜೀ ಕಣ್ಣು ಮುಚ್ಚಿ, ನನ್ನ ಮಂತ್ರಕ್ಕೆ ಕೈ ಮುಗಿದಳು.