ಹೊಸ್ತಿಲ ಬಲಗಡೆಯ ದೀಪ

ಮೆನೊರೆ ಗುಡ್ಡಸಾಲಿನ ನಮ್ಮ ಹನ್ನೊಂದು ಹಳ್ಳಿಗಳಲ್ಲಿ ವಯಸ್ಸೆಷ್ಟು ಎಂದು ಕೇಳಿದರೆ ತಡವರಿಸುವವರಿದ್ದಾರೆ. ಯಾರ ಕೈಯಲ್ಲಿ ಹುಟ್ಟಿದಿರಿ ಎಂದು ಕೇಳಿದರೆ ತಡವರಿಸುವವರಿಲ್ಲ. ಮೂವತ್ತನಾಲ್ಕು ವರ್ಷ ಈ ಸೀಮೆಯ ಆರೋಗ್ಯಕೇಂದ್ರದಲ್ಲಿ ಹೆರಿಗೆ ದಾದಿಯಾಗಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಾವು ‘ಬು’, ಅಂದರೆ ಅಮ್ಮ, ಎಂದು ಕರೆಯುವ ಮಾನ್ಯ ಬು ವಿರ್ಯಾಂತಿಯವರ ಹೆಸರು ಎಲ್ಲರ ಬಾಯಿಗೂ ಕೂಡಲೇ ಬರುತ್ತದೆ. ಹಳ್ಳಿಯ ಸೂಲಗಿತ್ತಿಯರ ಕೈಗುಣವನ್ನೂ ಸರ್ಕಾರಿ ತರಬೇತಿಯ ಶಿಸ್ತನ್ನೂ ಜಗಳಕ್ಕೆ ಬಿಡದೆ ಒಂದೇ ಚಾಪೆಯ ಮೇಲೆ ಕೂರಿಸಿದವರು ಅವರು. ಅವರ ವೃತ್ತಿಯ ಹಿರಿಮೆಯನ್ನು ಬರೆಯಬಲ್ಲ ವೈದ್ಯರು ಈ ಅಭಿನಂದನ ಸಂಪುಟದಲ್ಲಿದ್ದಾರೆ. ಇಪ್ಪತ್ತಮೂರು ವರ್ಷ ಅವರ ನೆರಳಿನಲ್ಲಿದ್ದ ನಾನು ಒಂದು ಮಣ್ಣಿನ ಕುಡಿಕೆಯ ವಿಷಯವನ್ನಷ್ಟೇ ಬರೆಯಬಲ್ಲೆ. ಅದನ್ನೂ ನಿಶ್ಚಿಂತೆಯಿಂದ ಬರೆಯುತ್ತಿಲ್ಲ.

ನನಗಾಗ ಹತ್ತೊಂಬತ್ತು. ಸುಮಾತ್ರಾದ ತಾಳೆತೋಟಕ್ಕೆ ಕೂಲಿಗೆ ಹೋದ ಗಂಡ ಎರಡು ತಿಂಗಳು ಸುದ್ದಿ ಕಳಿಸಿದ. ಆಮೇಲೆ ಅವನು ಅಲ್ಲೇ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದಾನೆಂಬ ಸುದ್ದಿಯೇ ಬಂತು. ಅತ್ತೆಯ ಮನೆಯವರು ನನ್ನ ಬಟ್ಟೆಯ ಗಂಟನ್ನು ಜಗುಲಿಗೆ ತಂದಿಟ್ಟರು. ತಾಯಿಯಿಲ್ಲದ ನನ್ನನ್ನು ಸಾಕಿದ ತಾತ ಆ ವರ್ಷವೇ ತೀರಿಕೊಂಡಿದ್ದ. ನೋವು ತೊಡಗಿದ ಹೊಟ್ಟೆ ಹಿಡಿದುಕೊಂಡು, ಕೋಸು ತುಂಬಿದ ಲಾರಿಯಿಂದ ನಾನು ಕೇಂದ್ರದ ಬಾಗಿಲಲ್ಲಿ ಇಳಿದೆ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೆಣ್ಣುಮಗು ಹುಟ್ಟಿತು.

ಹೆರಿಗೆಗಿಂತ ದೊಡ್ಡ ಭಯ ಆಮೇಲಿನದು. ತಾತ ಸಂಜೆ ಹೊತ್ತು ರಾಗವಾಗಿ ಓದುತ್ತಿದ್ದ ಪದ್ಯಗಳನ್ನು ಕಂಬಕ್ಕೊರಗಿ ಕೇಳುತ್ತ ಬೆಳೆದವಳು ನಾನು. ಮುಂಚೆ ಬರುವ ನೀರು ಮಗುವಿಗೆ ಅಣ್ಣ, ಹಿಂದೆ ಬರುವ ಮಾಸು ಮಗುವಿಗೆ ತಮ್ಮ, ಲೋಕವೆಲ್ಲ ಬಿಟ್ಟರೂ ಆ ಇಬ್ಬರು ಬಿಡರು ಎಂಬ ಮಾತು ಕಿವಿಯಲ್ಲಿ ನೆಲೆಸಿತ್ತು. ಆ ತಮ್ಮನನ್ನು ತಂದೆಯಾದವನು ತೊಳೆದು, ಕುಡಿಕೆಯಲ್ಲಿಟ್ಟು, ಮಗುವಿನಂತೆ ಜೋಳಿಗೆಯಲ್ಲಿ ಕಟ್ಟಿಕೊಂಡು, ಕೊಡೆ ಹಿಡಿದು, ತನ್ನ ಮನೆಯ ಹೊಸ್ತಿಲ ಪಕ್ಕ ಹೂಳಬೇಕು. ಮೂವತ್ತೈದು ದಿನ ಅಲ್ಲಿ ದೀಪ ಉರಿಯಬೇಕು. ಎಲ್ಲಿ ಹೂಳಿದರೋ ಅದು ಆ ಮಗುವಿನ ಮನೆ. ಪಕ್ಕದ ಮಂಚಗಳ ಕುಡಿಕೆಗಳನ್ನು ಗಂಡಸರು ಒಂದೊಂದಾಗಿ ಒಯ್ದರು. ನನ್ನದು ಕಿಟಕಿಯಡಿ ಉಳಿಯಿತು. ಬಿಸಿಲು ಇಳಿಯುತ್ತಿತ್ತು, ನನಗೆ ಹೊಸ್ತಿಲಿರಲಿಲ್ಲ.

“ಯಾರದ್ದೇ ಇದು? ಇದರಪ್ಪ ದಾರಿ ತಪ್ಪಿದನಾ?” ಎಂದರು ಕೇಂದ್ರದ ಹಳೆಯ ಆಯಾ, ಸಗಿನೆಂ ಅಜ್ಜಿ. ನಾನು ಗೋಡೆಗೆ ಮುಖ ಮಾಡಿದೆ.

ಕೈ ಒರೆಸಿಕೊಳ್ಳುತ್ತ ಬಂದ ಬು ವಿರ್ಯಾಂತಿಯವರು ನನ್ನನ್ನೂ ಕುಡಿಕೆಯನ್ನೂ ನೋಡಿದರು. “ಅಜ್ಜಿ, ನನ್ನ ಕೊಡೆ ಎಲ್ಲಿ?”

“ಮಳೆ ಎಲ್ಲಿದೆ ತಾಯಿ?”

“ಮಳೆಗಲ್ಲ. ಕುಡಿಕೆಗೆ.”

ಬಿಳಿಯ ಸಮವಸ್ತ್ರದ ಮೇಲೆ ಜೋಳಿಗೆ ಕಟ್ಟಿ, ಬಿಸ್ಮಿಲ್ಲಾ ಹೇಳಿ, ಕೊಡೆ ಬಿಚ್ಚಿ ಅವರು ಅಂಗಳ ದಾಟಿ ತಮ್ಮ ಕ್ವಾರ್ಟರ್ಸಿನತ್ತ ನಡೆದದ್ದನ್ನು ಕಿಟಕಿಯಿಂದ ಕಂಡೆ. ಹೂಳಿ ಮಣ್ಣು ಮುಚ್ಚುವ ಹೊತ್ತಿಗೆ ಅಜ್ಜಿಯ ಕೂಗು ಕೇಳಿಸಿತು.

“ಅಯ್ಯಯ್ಯೋ, ಬಲಗಡೆ ಗಂಡುಮಕ್ಕಳದ್ದು! ಹೆಣ್ಣಿಗೆ ಎಡಗಡೆ! ಸಾವಿರ ಹೆರಿಗೆ ಮಾಡಿಸಿದವಳಿಗೆ ಇಷ್ಟೂ ಗೊತ್ತಿಲ್ವಾ?”

“ಹೆರಿಗೆ ಮಾಡಿಸಿದ್ದೀನಿ ಅಜ್ಜಿ. ಅಪ್ಪ ಆಗಿದ್ದು ಇದೇ ಮೊದಲು.”

ಹೂಳಿದ್ದನ್ನು ಮೂವತ್ತೈದು ದಿನ ಕೆದಕಬಾರದೆಂದು ದೀಪ ತಪ್ಪು ಕಡೆಯಲ್ಲೇ ಉರಿಯಿತು. ನಾನು ಅವರ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಗುವಿನೊಡನೆ ಮಲಗುತ್ತಿದ್ದೆ. ಆ ಜ್ವಾಲೆ ಇರುವಷ್ಟು ದಿನ ನನಗೂ ಇಲ್ಲಿ ಜಾಗ ಎಂದು ನಂಬಿ, ಗಾಳಿ ಬೀಸಿದಾಗಲೆಲ್ಲ ಎದ್ದುಹೋಗಿ ಮೇಲೆ ಕವುಚಿದ ಬುಟ್ಟಿಯನ್ನು ಸರಿಪಡಿಸುತ್ತಿದ್ದೆ. ಮೂವತ್ತಾರನೆಯ ಬೆಳಿಗ್ಗೆ ಗಂಟು ಕಟ್ಟಿದೆ.

“ಎಲ್ಲಿಗೆ ಸವಾರಿ?” ಎಂದರು ಬು ವಿರ್ಯಾಂತಿ.

“ದೀಪ ಆರಿಸಿದರಲ್ಲ, ಅಮ್ಮ.”

“ಮಗುವಿಗೆ ಹೆದರಿಕೆ ಹೋಯ್ತು ಅಂತ ಆರಿಸಿದ್ದು ಕಣೇ, ನಿನ್ನ ಓಡಿಸೋಕಲ್ಲ. ಗಂಟು ಒಳಗಿಡು. ಅಲಸಂದೆಕಾಯಿ ಹೆಚ್ಚು.”

ಅಂದಿನಿಂದ ಹೆಚ್ಚುತ್ತಲೇ ಇದ್ದೇನೆ. ಅವರು ನನ್ನನ್ನು ಸಹಾಯಕಿಯ ತರಬೇತಿಗೆ ಕಳಿಸಿದರು. ನಾನು ಪರೀಕ್ಷೆಗೆ ಹೋದ ದಿನಗಳಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಗರ್ಭಿಣಿಯರನ್ನು ಪರೀಕ್ಷಿಸಿದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕ್ವಾರ್ಟರ್ಸಿನಲ್ಲಿ ಹೊರಗಿನವರು ಇರಕೂಡದೆಂದಾಗ ಅವರು ಕೋಣೆ ಕೋಣೆಯ ಬಾಗಿಲು ತೆರೆದು ತೋರಿಸಿ, “ಹೊರಗಿನವರು ಯಾರೂ ಕಾಣ್ತಿಲ್ಲವಲ್ಲ ಸ್ವಾಮಿ” ಎಂದರು. ನಾನು ಒಲೆಯ ಮುಂದೆ, ಮಗು ಅಜ್ಜಿಯ ತೊಡೆಯ ಮೇಲೆ. ಆ ಮಗು, ನನ್ನ ಪಾಂಗೆಸ್ತಿ, ಮರ ಹತ್ತಿದಳು, ಹುಡುಗರನ್ನು ಹೊಡೆದಳು, ಈಗ ಕೇಂದ್ರದ ಆಂಬುಲೆನ್ಸ್ ಓಡಿಸುತ್ತಾಳೆ. “ಎಲ್ಲಾ ಬಲಗಡೆಯ ಪ್ರಭಾವ” ಎಂದು ಸಗಿನೆಂ ಅಜ್ಜಿ ಕಣ್ಣುಮುಚ್ಚುವವರೆಗೂ ಗೊಣಗಿದರು.

ಆದರೆ ಕ್ವಾರ್ಟರ್ಸು ಸರ್ಕಾರದ್ದು. ಮುಂದಿನ ತಿಂಗಳು ಹೊಸ ದಾದಿ ಬರುತ್ತಾರೆ; ಹೊಸ್ತಿಲವರೆಗೂ ಸಿಮೆಂಟು ಹಾಕುತ್ತಾರಂತೆ. ಈ ಸುದ್ದಿ ಕೇಳಿದಂದಿನಿಂದ ನನ್ನ ಹತ್ತೊಂಬತ್ತರ ಭಯ ಮರಳಿ ಬಂದಿದೆ. ಅಮ್ಮನವರು ತಮ್ಮ ತವರಿನ ತುಂಡು ಜಮೀನಿನಲ್ಲಿ ಮನೆ ಕಟ್ಟಿಸುತ್ತಿರುವುದು ಗೊತ್ತಿತ್ತು. ನಮ್ಮನ್ನು ಕರೆಯುವರೋ ಎಂದು ಕೇಳುವ ಧೈರ್ಯ ಬರಲಿಲ್ಲ. ನಮಾಜಿನಲ್ಲಿ ಎಣಿಕೆ ತಪ್ಪುತ್ತಿತ್ತು. ಸದ್ದಿಲ್ಲದೆ ಬಾಡಿಗೆ ಕೋಣೆಯೊಂದನ್ನು ನೋಡಿಬಂದೆ.

ಕಳೆದ ಮಂಗಳವಾರ ಅವರು ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ಪಾಂಗೆಸ್ತಿಯ ಕೈಗೆ ಗುದ್ದಲಿ ಕೊಟ್ಟರು.

“ಎಲ್ಲಿ ಅಗೀಬೇಕು, ಗೊತ್ತಲ್ಲ?”

“ಬಲಗಡೆ. ತಪ್ಪು ಕಡೆ” ಎಂದು ಅವಳು ನಕ್ಕಳು.

ಇಪ್ಪತ್ತಮೂರು ವರ್ಷದ ಮೇಲೆ ಅಲ್ಲಿ ಮಣ್ಣಲ್ಲದೆ ಬೇರೇನೂ ಇರಲಿಲ್ಲ. ಆ ಮಣ್ಣನ್ನೇ ಬೊಗಸೆ ತುಂಬ ಹೊಸ ಕುಡಿಕೆಗೆ ತುಂಬಿಸಿ ನನ್ನ ಮಡಿಲಲ್ಲಿಟ್ಟರು. “ಗೋಡೆ ಎದ್ದಿದೆ, ಮೂರು ಕೋಣೆ. ಬಾಗಿಲು ಇಡಬೇಡ ಅಂತ ಮೇಸ್ತ್ರಿಗೆ ಹೇಳಿದ್ದೀನಿ. ಮೊದಲು ಇದನ್ನ ಹೂಳೋಣ. ಆಮೇಲೆ ಇದು ಎಡಗಡೆ ಬರೋ ಹಾಗೆ ಬಾಗಿಲು ಇಡಿಸ್ತೀನಿ. ಅಜ್ಜಿ ಬಾಯಿ ಮೇಲಿನ ಲೋಕದಲ್ಲಾದ್ರೂ ಮುಚ್ಚಲಿ.”

ಇದನ್ನು ಬರೆಯುವಾಗ ಕುಡಿಕೆ ನನ್ನ ಎದುರಿಗಿದೆ. ಆರೇಳು ಸಲ ಮುಟ್ಟಿ ನೋಡಿದ್ದೇನೆ. ಶುಕ್ರವಾರ ಹೊರಡುತ್ತೇವೆ, ಜೋಳಿಗೆ ಕಟ್ಟಿಕೊಳ್ಳುವವಳು ಈ ಬಾರಿ ನಾನು, ಕೊಡೆ ಹಿಡಿಯುವವರು ಅವರು.

ದಯಾಮಯನಾದ ಅಲ್ಲಾಹನು ಬು ವಿರ್ಯಾಂತಿಯವರ ಮೊಣಕಾಲಿಗೆ ಬಲವನ್ನೂ ಕೈಗೆ ಹಳೆಯ ಹಗುರವನ್ನೂ ಉಳಿಸಲಿ. ಆ ಊರಿನ ಬಸುರಿಯರೂ ಅವರ ಅಂಗಳವನ್ನು ಹುಡುಕಿಕೊಂಡು ಬರಲಿ. ಇನ್ನೂ ಇಡದ ಆ ಬಾಗಿಲಲ್ಲಿ ಅವರು ಕುರ್ಚಿ ಹಾಕಿಕೊಂಡು ಬಹುಕಾಲ ಕೂತಿರಲಿ. ಅಲಸಂದೆಕಾಯಿ ನಾನು ಹೆಚ್ಚುತ್ತೇನೆ.