ಎತ್ತಿನ ಬೆನ್ನಿನ ಹಕ್ಕಳೆ

ಮೊನ್ನೆ ಕನ್ನಡಕ ಹುಡುಕುತ್ತ ಹಳೆಯ ಟ್ರಂಕು ತೆಗೆದೆ. ಬಟ್ಟೆಯಲ್ಲಿ ಸುತ್ತಿಟ್ಟ ಬೆರಳುದ್ದದ ಗಾಜಿನ ಪಟ್ಟಿಯೊಂದು ಸಿಕ್ಕಿತು. ಅಂಚಿನ ಚೀಟಿಯಲ್ಲಿ ನನ್ನದೇ ಅಕ್ಷರ: ‘ತಿಳವಳ್ಳಿ. ಎತ್ತು. ಬೆನ್ನಿನ ಹಕ್ಕಳೆ. ಕ್ರಿಮಿಯ ಕುಟುಂಬ’. ಅದರ ಮುಂದೆ ಖಾಲಿ. ಇಷ್ಟೆಲ್ಲ ಓದಿದ ಮೇಲೆಯೇ ಕನ್ನಡಕ ಮೂಗಿನ ಮೇಲಿರುವುದು ಗೊತ್ತಾಯಿತೆನ್ನಿ.

ನಲವತ್ತರ ದಶಕದಲ್ಲಿ ನಾನು ಹಾನಗಲ್ಲಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ನಮ್ಮ ಡಾಕ್ಟರಿಗೆ ಸೂಕ್ಷ್ಮದರ್ಶಕವೆಂದರೆ ಪ್ರಾಣ. ದನಗಳ ಚರ್ಮದ ಮೇಲೆ ಬದುಕುವ ಕ್ರಿಮಿಗಳನ್ನು ಕುಟುಂಬ ಕುಟುಂಬವಾಗಿ ಬೇರ್ಪಡಿಸಿ ಬರೆದಿಡುವುದು ಅವರ ಗೀಳು. ನನ್ನ ಗೀಳು ಸ್ವಚ್ಛತೆ. ಕೆಸರು ಮೆತ್ತಿದ ದನ ಬಂದರೆ ಬಾಗಿಲಲ್ಲೇ ಅಡ್ಡ ನಿಲ್ಲುತ್ತಿದ್ದೆ. ದನದ ದವಾಖಾನೆಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋಗುತ್ತಿದ್ದ ಪುಣ್ಯಾತ್ಮ ನಾನು.

ಒಂದು ಮಳೆಗಾಲ ತಿಳವಳ್ಳಿಯ ಗಂಗವ್ವ ತನ್ನ ಜೋಡೆತ್ತಿನಲ್ಲಿ ಒಂದನ್ನು ಹೊಡೆದುಕೊಂಡು ಬಂದಳು. ಅದರ ಬೆನ್ನ ಮೇಲೆ ಕೂದಲು ಅಲ್ಲಲ್ಲಿ ಅಂಟಿಕೊಂಡು ಹಕ್ಕಳೆಗಟ್ಟಿತ್ತು. ಆ ಎತ್ತು ಬಿದ್ದರೆ ಅವಳ ಹೊಲದ ಕೆಲಸವೇ ನಿಲ್ಲುತ್ತಿತ್ತು. ನಾನು ಒಂದು ಹಕ್ಕಳೆ ಕಿತ್ತಿಟ್ಟುಕೊಂಡು, ಡಾಕ್ಟರನ್ನು ಕೇಳದೆಯೇ, “ದಿನಾ ತಿಕ್ಕಿ ತೊಳೀಬೇ ಯವ್ವ. ಎಂಟು ದಿನಕ್ಕ ಸ್ವಚ್ಛ ಮಾಡಿ ಹೊಡಕೊಂಡು ಬಾ” ಎಂದೆ.

ಡಾಕ್ಟರು ಆ ಹಕ್ಕಳೆಯನ್ನು ಗಾಜಿನ ಪಟ್ಟಿಗೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬೂಷ್ಟಿನ ಹಾಗೆ ಕವಲೊಡೆದ ಎಳೆಗಳು. ಎಳೆಗಳ ಒಳಗೆ ಮಣಿ ಪೋಣಿಸಿದಂತೆ ಸಾಲು ಕಾಳು.

“ಬೂಷ್ಟು ಅನ್ನಾಕ ಮನಸ್ಸಿಲ್ಲ, ಬ್ಯಾಕ್ಟೀರಿಯಾ ಅನ್ನಾಕ ಧೈರ್ಯ ಇಲ್ಲ. ಇನ್ನೊಂದು ಹಕ್ಕಳಿ ಬೇಕು” ಎಂದರು. ಎಂಟು ದಿನ ಅವರಿಗೆ ಊಟವೂ ರುಚಿಸಲಿಲ್ಲ.

ಎತ್ತು ಬಂತು. ಸೀಗೆಪುಡಿಯಲ್ಲಿ ತಿಕ್ಕಿದ ಮೈ, ಕೊಂಬಿಗೆ ಎಣ್ಣೆ. ಒಂದು ಹಕ್ಕಳೆಯೂ ಉಳಿದಿರಲಿಲ್ಲ. ಬೆನ್ನಿನಿಂದ ಹೊಟ್ಟೆಯವರೆಗೆ ಹಸಿ ಹುಣ್ಣು.

“ನೀರು ತಾಗಿದಷ್ಟೂ ಹಬ್ಬತೈತಿ ಇದು. ತೊಳಿ ಅಂತ ಯಾರು ಹೇಳಿದ್ರು?” ಎಂದರು ಡಾಕ್ಟರು.

ಗಂಗವ್ವ ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಯಾರೂ ಹೇಳಿಲ್ರಿ ಸಾಹೇಬ್ರ. ದವಾಖಾನಿಗೆ ಹೊಲಸು ಮೈಲೆ ತರಬಾರದಂತ ನಾನ ತೊಳದೇನ್ರಿ.”

ನಾನು ಸೀಸೆಯ ಬಿರಡೆ ಬಿಗಿಮಾಡುತ್ತ ನಿಂತಿದ್ದೆ. ತಿಂಗಳೊಳಗೆ ಎತ್ತು ಸತ್ತಿತು. ಚೀಟಿಯ ಖಾಲಿ ಜಾಗ ತುಂಬುವ ಮೊದಲೇ ಡಾಕ್ಟರಿಗೆ ವರ್ಗವಾಯಿತು. ನನ್ನ ನೌಕರಿ ಮಾತ್ರ ಉಳಿಯಿತು. ಅದನ್ನು ಉಳಿಸಿದವಳು ಯಾರೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪಶುವೈದ್ಯಕೀಯ ಓದುತ್ತಿರುವ ಮೊಮ್ಮಗಳು ಗಾಜನ್ನು ತನ್ನ ಕಾಲೇಜಿಗೆ ಒಯ್ದು ನೋಡಿ ಬಂದಳು. “ಅಜ್ಜ, ಇದು ಬ್ಯಾಕ್ಟೀರಿಯಾನ. ಈಗ ಇದಕ್ಕ ತನ್ನದ ಒಂದು ಕುಟುಂಬ ಐತಿ. ಹೆಸರು ಬರೀಲೇನು?” ಎಂದು, ಚೀಟಿಯ ಧೂಳು ಒರೆಸಲು ಕರವಸ್ತ್ರ ನೀರಲ್ಲಿ ಅದ್ದಿದಳು.

“ನೀರು ಹಚ್ಚಬ್ಯಾಡವ್ವ” ಎಂದೆ.

ಯಾಕೆಂದು ಕೇಳಿದಳು. ತೊಳಿ ಎಂದವರು ಯಾರೆಂಬುದೊಂದನ್ನು ಬಿಟ್ಟು ಗಂಗವ್ವನ ಎತ್ತಿನ ಕಥೆ ಹೇಳಿದೆ. ಎಲ್ಲ ಕೇಳಿ, ಅಂದು ಡಾಕ್ಟರು ಕೇಳಿದ್ದನ್ನೇ ಇವಳೂ ಕೇಳಿದಳು: “ತೊಳಿ ಅಂತ ಯಾರು ಹೇಳಿದ್ರಜ್ಜ?”

“ನಾನವ್ವ” ಎಂದೆ.