ಬಲೆಯಲ್ಲಿ ಬರುತ್ತಿದ್ದ ಹಾವು

ಬೆಳಿಗ್ಗೆ ಏಳೂಕಾಲಿಗೆ, ವರ್ಸೋವಾದ ಮರಳಿನಲ್ಲಿ ಬಿದ್ದಿದ್ದ ಕಡಲಹಾವೊಂದನ್ನು ನನ್ನ ಸಹಪಾಠಿ ಸತ್ತಿದೆಯೆಂದು ಕೈಗೆತ್ತಿಕೊಂಡ. ಸತ್ತಿರಲಿಲ್ಲ.

"ಏನಿಲ್ಲ ಬಿಡ, ಸೂಜಿ ತಾಗಿದಂಗಾತು," ಎಂದು ಬೆರಳೊರೆಸಿಕೊಂಡು ಅಳತೆಪಟ್ಟಿ ಕೇಳಿದ. ಅವನು ವಿಜಾಪುರದವನು. ಎಂ.ಎಸ್ಸಿ.ಗೆಂದು ಮುಂಬಯಿಗೆ ಬರುವವರೆಗೆ ಕಡಲನ್ನೇ ಕಂಡಿರಲಿಲ್ಲ.

ಎಪ್ಪತ್ತರ ದಶಕದ ಆರಂಭವದು. ಪ್ರಬಂಧಕ್ಕೆ ನಾನು ಮೊದಲು ಬೊರಿವಲಿ ಕಾಡಿನ ಚಿರತೆಯನ್ನು ಕೇಳಿದ್ದೆ. "ಎರಡು ವರ್ಷ ಅಲೆದರೂ ನಿಂಗೆ ಅದರ ಬಾಲ ಕಾಣ್ಲಿಕ್ಕಿಲ್ಲ ಮಾರಾಯ್ತಿ," ಎಂದಿದ್ದರು ಉಡುಪಿ ಕಡೆಯ ನಮ್ಮ ಪ್ರೊಫೆಸರ್. "ಲೋಕಲ್ ಹಿಡಿದು ಹೋಗಿ ಮಧ್ಯಾಹ್ನದ ಕ್ಲಾಸಿಗೆ ವಾಪಸ್ ಬರ್ಲಿಕ್ಕೆ ಆಗುವಂಥ ಪ್ರಾಣಿ ಹುಡುಕು." ಕಡಲಹಾವು ಮೀನಿನ ಬಲೆಯಲ್ಲಿ ತಾನಾಗಿ ಬರುತ್ತಿತ್ತು, ಮೀನುಗಾರರು ಬಿಸಾಡುತ್ತಿದ್ದರು. ಅದನ್ನು ಇಲ್ಲಿ ಯಾರೂ ಸರಿಯಾಗಿ ಅಭ್ಯಸಿಸಿಲ್ಲ ಎಂಬುದು ನಮಗಿಬ್ಬರಿಗೂ ಅನುಕೂಲವಾಗಿಯೇ ಕಂಡಿತ್ತು.

ಅಂಧೇರಿಯಲ್ಲಿ ಲೋಕಲ್ ಹತ್ತಿದ ಮೇಲೆ ಅವನ ತೊಡೆಗಳು ಸೆಟೆದವು. ದಾದರ್‌ನಲ್ಲಿ ಇಳಿಯುವಾಗ ಬಾಯಿ ತೆರೆಯಲಾಗುತ್ತಿರಲಿಲ್ಲ. ತಮ್ಮಲ್ಲಿರುವ ಔಷಧಿ ನೆಲದ ಹಾವುಗಳದ್ದು, ಇದಕ್ಕೆ ನಾಟುವುದಿಲ್ಲ, ಕಾಯಬೇಕು ಎಂದರು ಆಸ್ಪತ್ರೆಯ ಡಾಕ್ಟರ್. ಇದಕ್ಕೇಕೆ ಔಷಧಿಯಿಲ್ಲ ಎಂದು ಕೇಳಿದೆ. ಕಚ್ಚಿಸಿಕೊಳ್ಳುವವರು ಮೀನುಗಾರರು, ಅವರು ಇಲ್ಲಿಯವರೆಗೆ ಬಂದು ಮುಟ್ಟುವುದೇ ಕಡಿಮೆ ಎಂದರು.

ಅವನ ಮೂತ್ರ ಕಪ್ಪು ಚಹಾದಂತಾಯಿತು. ಅದು ತಿಳಿಯಾಗುವವರೆಗೆ ನಾನು ಆಸ್ಪತ್ರೆಯ ಬೆಂಚು ಬಿಡಲಿಲ್ಲ. ಬದುಕಿದ.

"ಇಬ್ಬರೂ ಗೋಡೆಯ ಹಲ್ಲಿ ತಗೊಳ್ಳಿ," ಎಂದರು ಪ್ರೊಫೆಸರ್. ನಾನು ಒಪ್ಪಿಕೊಂಡೆ. ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನಲ್ಲಿ ಹಲ್ಲಿಗಳಿಗೇನೂ ಕೊರತೆಯಿರಲಿಲ್ಲ. ಅವನು ಒಪ್ಪಲಿಲ್ಲ.

"ಔಷಧ ಇಲ್ಲಂದ್ರ ಇದನ್ನ ಯಾರೂ ನೋಡೇ ಇಲ್ಲಂತ ಆತು. ನಾನೂ ಬಿಟ್ರ ಹೆಂಗ?"

"ಮತ್ತೆ ಕಚ್ಚಿದರೆ?"

"ನಿನ್ನ ಹಲ್ಲಿ ಲೊಚಗುಟ್ಟತಾವಲ್ಲ, ಶಕುನ ಕೇಳಿ ಹೇಳು."

ನನಗೆ ನಗು ಬರಲಿಲ್ಲ. ಆ ವರ್ಷವಿಡೀ ಅವನು ಉದ್ದನೆಯ ಇಕ್ಕಳ ಹಿಡಿದು ವರ್ಸೋವಾಕ್ಕೆ ಹೋದ. ನಾನು ರಾತ್ರಿ ಬೆಚ್ಚಿ ಎದ್ದು, ನನ್ನದೇ ಬಾಯಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದೆ. ಹೇಗೂ ಎಚ್ಚರವಿದೆಯಲ್ಲ ಎಂದು ದೀಪದ ಬಳಿ ಹುಳು ಹಿಡಿಯುವ ಹಲ್ಲಿಗಳನ್ನು ಬರೆದಿಡುತ್ತಿದ್ದೆ. ನನ್ನ ಪ್ರಬಂಧ ಬಹುಪಾಲು ಆ ಭಯದಲ್ಲೇ ತುಂಬಿತು.

ತನ್ನ ಪ್ರಬಂಧ ಒಪ್ಪಿಸಿದ ದಿನ ಅವನು ಇಕ್ಕಳವನ್ನು ನನ್ನ ಕೈಗಿಟ್ಟ. "ತಗೋ, ಇನ್ನ ನನಗ ಬ್ಯಾಡ. ಹಲ್ಲಿ ಹಿಡೀಲಿಕ್ಕ ಬರ್ತದ."

ಆ ರಾತ್ರಿ ನಮ್ಮ ಗೋಡೆಯ ಹಲ್ಲಿಗಳು ಏನು ಮಾಡಿದವೋ ನನಗೆ ಗೊತ್ತಿಲ್ಲ. ಹಾಲಿನವನು ಬಾಗಿಲು ತಟ್ಟುವವರೆಗೆ ಮಲಗಿದ್ದೆ.